ಪಾಠದ ಸಿಡಿಯಲ್ಲಿ ಧ್ವನಿ ಇದೆ, ಚಿತ್ರ ಇಲ್ಲ: ದೋಷ ಎಲ್ಲಿದೆ?

ಪ್ರಶ್ನೆ: ನಾನು ಉತ್ತರ ಕನ್ನಡ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಪ್ರಯೋಗಾಲಯದ ಬೀರುವಿನಲ್ಲಿ 1998ರಿಂದ 2007ರ ನಡುವೆ ಕೊಂಡ ಮತ್ತು ದಾನವಾಗಿ ಬಂದ ಶೈಕ್ಷಣಿಕ ಸಿಡಿಗಳು ಒಂದು ಪೆಟ್ಟಿಗೆಯಷ್ಟಿವೆ. ಈ ವರ್ಷ ಶಾಲೆಗೆ ವಿಂಡೋಸ್ 11 ಇರುವ ಕಂಪ್ಯೂಟರ್ ಬಂದಿದೆ. ಅದರಲ್ಲಿ ಸಿಡಿ ಡ್ರೈವ್ ಇಲ್ಲದ ಕಾರಣ ಯುಎಸ್‌ಬಿಗೆ ಜೋಡಿಸುವ ಡ್ರೈವ್ ತರಿಸಿದೆವು. ಸಸ್ಯಶಾಸ್ತ್ರದ ಸಿಡಿಯಲ್ಲಿ ಮೆನು ಚೆನ್ನಾಗಿಯೇ ತೆರೆಯುತ್ತದೆ, ಆದರೆ ವಿಡಿಯೊದಲ್ಲಿ ಧ್ವನಿ ಮಾತ್ರ ಕೇಳುತ್ತದೆ, ಚಿತ್ರದ ಜಾಗ ಕಪ್ಪಾಗಿರುತ್ತದೆ. ಭೂಗೋಳದ ಸಿಡಿಯಲ್ಲಿ ವಿಡಿಯೊ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಮಾನವ ದೇಹದ ಸಿಡಿ ತಡೆತಡೆದು ಓಡಿ ನಡುವೆ ನಿಂತುಬಿಡುತ್ತದೆ. ಎಲ್ಲಕ್ಕಿಂತ ಹಳೆಯದಾದ ಖಗೋಳದ ಸಿಡಿಯಂತೂ ಈ ಕಂಪ್ಯೂಟರಿನಲ್ಲಿ ಓಡುವುದಿಲ್ಲ ಎಂಬ ಸಂದೇಶ ತೋರಿಸಿ ಸುಮ್ಮನಾಗುತ್ತದೆ. ವಿಡಿಯೊ ಬಿಡಿಸುವ ತಂತ್ರಾಂಶಗಳ ಕಟ್ಟಾದ ಕೋಡೆಕ್ ಪ್ಯಾಕ್ ಹಾಕಿ ಎಂದು ಒಬ್ಬರು, ಸಿಡಿಗಳ ಆಯಸ್ಸು ಮುಗಿದಿದೆ, ಎಸೆದುಬಿಡಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ನೀವು ವಿವರಿಸಿದ ನಾಲ್ಕು ಸಿಡಿಗಳ ದೋಷ ನಾಲ್ಕು ಬೇರೆ ಬೇರೆ ಕಡೆ ಇರುವ ಸಾಧ್ಯತೆಯೇ ಹೆಚ್ಚು. ವಿಡಿಯೊ ಬರುತ್ತಿಲ್ಲ ಎಂಬ ಒಂದೇ ಮಾತಿನಲ್ಲಿ ಅವನ್ನೆಲ್ಲ ಸೇರಿಸಿ ಒಂದೇ ಮದ್ದು ಹುಡುಕಲು ಹೊರಟರೆ ಕೆಲಸ ಕೆಡುತ್ತದೆ. ಪರದೆಯ ಮೇಲೆ ಚಿತ್ರ ಮೂಡಬೇಕಾದರೆ ಸಿಡಿಯನ್ನು ಡ್ರೈವ್ ಸರಿಯಾಗಿ ಓದಬೇಕು, ಸಿಡಿಯೊಳಗಿನ ಮೆನು ಪ್ರೋಗ್ರಾಂ ಇಂದಿನ ವಿಂಡೋಸ್‌ನಲ್ಲಿ ಓಡಬೇಕು, ಆ ಪ್ರೋಗ್ರಾಂ ತನ್ನ ವಿಡಿಯೊ ಫೈಲನ್ನು ಇರುವ ಜಾಗದಲ್ಲಿ ಹುಡುಕಿಕೊಳ್ಳಬೇಕು, ಕೊನೆಗೆ ಆ ಫೈಲನ್ನು ಬಿಡಿಸಿ ಚಿತ್ರವಾಗಿಸುವ ಡಿಕೋಡರ್ ಕಂಪ್ಯೂಟರಿನಲ್ಲಿರಬೇಕು. ಇವುಗಳಲ್ಲಿ ಎಲ್ಲಿ ಕೊಂಡಿ ತಪ್ಪಿದೆ ಎಂದು ತಿಳಿಯಲು ಅತ್ಯಂತ ಸುಲಭದ ಉಪಾಯವೆಂದರೆ ಮೆನು ಪ್ರೋಗ್ರಾಮನ್ನು ನಡುವಿನಿಂದ ತೆಗೆದುಹಾಕಿ ವಿಡಿಯೊ ಫೈಲನ್ನು ನೇರವಾಗಿ ಪರೀಕ್ಷಿಸುವುದು. ಹೆಚ್ಚಿನವರು ಇದನ್ನೇ ಮಾಡುವುದಿಲ್ಲ. ಮೆನುವಿನ ಬಟನ್ನನ್ನೇ ಮತ್ತೆ ಮತ್ತೆ ಒತ್ತುತ್ತ ಕೂರುತ್ತಾರೆ.

ಪರೀಕ್ಷೆಗೆ ಮೊದಲು ಒಂದು ಕೆಲಸ ಆಗಬೇಕು. ಇಪ್ಪತ್ತು ವರ್ಷ ದಾಟಿದ ಸಿಡಿಯನ್ನು ಹತ್ತಾರು ಬಾರಿ ಡ್ರೈವಿಗೆ ಹಾಕಿ ತೆಗೆಯುವುದಕ್ಕಿಂತ ಒಮ್ಮೆ ಪೂರ್ಣವಾಗಿ ಪ್ರತಿ ಮಾಡಿಕೊಂಡು ಮುಂದಿನ ಪ್ರಯೋಗಗಳನ್ನೆಲ್ಲ ಆ ಪ್ರತಿಯ ಮೇಲೆ ನಡೆಸುವುದು ಜಾಣತನ. ಇಮ್ಗ್‌ಬರ್ನ್‌ನಂಥ ಉಚಿತ ತಂತ್ರಾಂಶದಿಂದ ಇಡೀ ಸಿಡಿಯನ್ನು ಒಂದೇ ಇಮೇಜ್ ಫೈಲಾಗಿ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಬಹುದು. ದತ್ತಾಂಶ ಮಾತ್ರ ಇರುವ ಸಿಡಿಯಾದರೆ ಐಎಸ್‌ಒ ಫೈಲ್ ಸಾಕು. ವಿಂಡೋಸ್ 8ರಿಂದ ಈಚೆಗೆ ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ನಿಜವಾದ ಸಿಡಿ ಹಾಕಿದಂತೆಯೇ ಒಂದು ಡ್ರೈವ್ ಕಾಣಿಸಿಕೊಳ್ಳುತ್ತದೆ. ವಿಡಿಯೊ ಸಿಡಿ ಅಥವಾ ಹಾಡಿನ ಟ್ರ್ಯಾಕ್‌ಗಳೂ ಸೇರಿರುವ ಸಿಡಿಯಾದರೆ ಐಎಸ್‌ಒದಲ್ಲಿ ಎಲ್ಲವೂ ಹಿಡಿಸುವುದಿಲ್ಲ, ಬಿನ್ ಮತ್ತು ಕ್ಯೂ ಎಂಬ ಜೋಡಿ ಫೈಲ್‌ಗಳಾಗಿ ಉಳಿಸಬೇಕು. ಕಾನೂನಿನ ಅಳುಕು ಇದ್ದರೆ ಒಂದು ಮಾತು: ಕ್ರಮವಾಗಿ ಕೊಂಡ ಕಂಪ್ಯೂಟರ್ ಪ್ರೋಗ್ರಾಂ ಕಳೆದುಹೋಗದಂತೆ, ಹಾಳಾಗದಂತೆ ರಕ್ಷಣೆಗಾಗಿ ಪ್ರತಿ ಇಟ್ಟುಕೊಳ್ಳಲು ಭಾರತದ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆ ಪ್ರತಿಯನ್ನು ಪಕ್ಕದ ಶಾಲೆಗಳಿಗೆ ಹಂಚುವುದು ಬೇರೆ ವಿಷಯ.

ಈಗ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಸಿಡಿಯ ಮೇಲೆ ರೈಟ್ ಕ್ಲಿಕ್ ಮಾಡಿ, ಮೆನುವನ್ನು ಓಡಿಸದೆ ಬರೀ ಫೋಲ್ಡರ್‌ಗಳನ್ನು ತೆರೆದು ನೋಡಿ. ಆ ಕಾಲದ ಬಹುಪಾಲು ಶೈಕ್ಷಣಿಕ ಸಿಡಿಗಳನ್ನು ಮ್ಯಾಕ್ರೋಮೀಡಿಯಾ ಡೈರೆಕ್ಟರ್, ಫ್ಲ್ಯಾಶ್, ವಿಷುವಲ್ ಬೇಸಿಕ್‌ನಂಥ ಸಾಧನಗಳಲ್ಲಿ ಕಟ್ಟುತ್ತಿದ್ದರು. ಇವುಗಳಲ್ಲಿ ವಿಡಿಯೊ ಸಾಮಾನ್ಯವಾಗಿ ಪ್ರೋಗ್ರಾಮಿನ ಹೊಟ್ಟೆಯೊಳಗೆ ಸೇರಿರುವುದಿಲ್ಲ. ವಿಡಿಯೊ, ಮೂವೀಸ್, ಮೀಡಿಯಾ ಎಂಬಂಥ ಹೆಸರಿನ ಫೋಲ್ಡರಿನಲ್ಲಿ ಬೇರೆಯಾಗಿಯೇ ಇರುತ್ತದೆ. ಎವಿಐ, ಎಂಒವಿ, ಎಂಪಿಜಿ, ಡಿಎಟಿ ಎಂಬ ಕೊನೆಯುಳ್ಳ ಫೈಲ್‌ಗಳನ್ನು ಹುಡುಕಿ. ಗಾತ್ರದ ಪ್ರಕಾರ ಜೋಡಿಸಿದರೆ ಅವು ಮೇಲಕ್ಕೆ ಬಂದು ನಿಲ್ಲುತ್ತವೆ. ಸಿಕ್ಕ ಫೈಲನ್ನು ವಿಎಲ್‌ಸಿ ಪ್ಲೇಯರಿನಲ್ಲಿ ತೆರೆಯಿರಿ. ವಿಎಲ್‌ಸಿಯನ್ನೇ ಹೇಳುವುದಕ್ಕೆ ಕಾರಣವಿದೆ: ಅದು ವಿಂಡೋಸ್‌ನಲ್ಲಿರುವ ಡಿಕೋಡರ್‌ಗಳನ್ನು ನೆಚ್ಚಿಕೊಂಡಿಲ್ಲ, ಹಳೆಯ ಸಂಕೋಚನ ವಿಧಾನಗಳನ್ನು ಬಿಡಿಸುವ ಸಾಮರ್ಥ್ಯವನ್ನು ತನ್ನೊಳಗೇ ಇಟ್ಟುಕೊಂಡಿದೆ. ವಿಎಲ್‌ಸಿಯಲ್ಲಿ ಚಿತ್ರ ಬಂದರೆ ಫೈಲೂ ಸಿಡಿಯೂ ಸರಿಯಾಗಿವೆ, ದೋಷ ಮೆನು ಪ್ರೋಗ್ರಾಂ ಅಥವಾ ವಿಂಡೋಸ್‌ನ ಡಿಕೋಡರಿನಲ್ಲಿದೆ ಎಂದು ಅಲ್ಲಿಗೇ ತೀರ್ಮಾನವಾಗುತ್ತದೆ.

ವಿಡಿಯೊ ಓಡುತ್ತಿರುವಾಗಲೇ ಕಂಟ್ರೋಲ್ ಕೀಲಿಯ ಜೊತೆ ಜೆ ಅಕ್ಷರ ಒತ್ತಿ. ಕೋಡೆಕ್, ಅಂದರೆ ಚಿತ್ರ ಮತ್ತು ಧ್ವನಿಯನ್ನು ಸಂಕೋಚಿಸಿ ಬಿಡಿಸುವ ವಿಧಾನ, ಅದರ ಮಾಹಿತಿಯ ಪುಟ ತೆರೆಯುತ್ತದೆ. ಅದರಲ್ಲಿ ವಿಡಿಯೊ ಎಂಬ ಸಾಲಿನ ಕೆಳಗೆ ಇಂಡಿಯೊ, ಸಿನೆಪ್ಯಾಕ್, ಸೊರೆನ್ಸನ್ ಅಥವಾ ಎಂಪೆಗ್ ಎಂಬ ಹೆಸರೂ ಅದರ ಪಕ್ಕದಲ್ಲಿ ಆವರಣದೊಳಗೆ ನಾಲ್ಕಕ್ಷರದ ಸಂಕೇತವೂ ಇರುತ್ತವೆ. ಮುಂದಿನ ಎಲ್ಲ ನಿರ್ಧಾರಕ್ಕೂ ಈ ಒಂದು ಸಾಲೇ ಆಧಾರ. ಅದನ್ನು ಸಿಡಿಯ ಹೆಸರಿನ ಎದುರು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಿ.

ಸಸ್ಯಶಾಸ್ತ್ರದ ಸಿಡಿಯ ಸಾಲಿನಲ್ಲಿ ಇಂಡಿಯೊ ಎಂದಿರುತ್ತದೆ ಎಂದು ನನ್ನ ಊಹೆ. ಧ್ವನಿ ಇದ್ದು ಚಿತ್ರ ಇಲ್ಲದಿರುವುದು ಅದರದೇ ಗುರುತು. ಎವಿಐ ಎಂಬುದು ಹೊರಗಿನ ಪೆಟ್ಟಿಗೆಯ ಹೆಸರು ಮಾತ್ರ. ಒಳಗೆ ಧ್ವನಿ ಒಂದು ವಿಧಾನದಲ್ಲೂ ಚಿತ್ರ ಇನ್ನೊಂದು ವಿಧಾನದಲ್ಲೂ ಅಡಕವಾಗಿರುತ್ತವೆ. ಧ್ವನಿಗೆ ಆ ಕಾಲದಲ್ಲಿ ಬಳಸುತ್ತಿದ್ದ ಪಿಸಿಎಂ ಅಥವಾ ಎಡಿಪಿಸಿಎಂ ವಿಧಾನ ಇಂದಿನ ವಿಂಡೋಸ್‌ಗೂ ಅರ್ಥವಾಗುತ್ತದೆ, ಆದ್ದರಿಂದ ಧ್ವನಿ ಕೇಳುತ್ತದೆ. ಚಿತ್ರಕ್ಕೆ ಬಳಸಿದ ಇಂಡಿಯೊ ಇಂಟೆಲ್ ಕಂಪನಿ ರೂಪಿಸಿದ ಕೋಡೆಕ್. 1990ರ ದಶಕದ ಸಿಡಿಗಳಲ್ಲಿ ಅದು ತುಂಬ ಪ್ರಚಲಿತವಾಗಿತ್ತು. ಅದರ ಡಿಕೋಡರಿನಲ್ಲಿ ಭದ್ರತೆಯ ಲೋಪಗಳಿದ್ದುದರಿಂದ 2009ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಒಂದು ಪರಿಷ್ಕರಣೆ ಹೊರಡಿಸಿ, ಎಕ್ಸ್‌ಪಿಯಂಥ ಆಗಿನ ವಿಂಡೋಸ್‌ಗಳಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮತ್ತು ವಿಂಡೋಸ್ ಮೀಡಿಯಾ ಪ್ಲೇಯರ್ ಅದನ್ನು ಬಳಸದಂತೆ ತಡೆಯಿತು. ನಿಮ್ಮ ಹೊಸ ಕಂಪ್ಯೂಟರಿನಲ್ಲಿ ಅದು ತಾನಾಗಿ ಕೆಲಸ ಮಾಡುವುದಿಲ್ಲ. ಮೆನು ಪ್ರೋಗ್ರಾಂ ವಿಂಡೋಸನ್ನು ಚಿತ್ರ ಕೇಳುತ್ತದೆ, ವಿಂಡೋಸ್ ಕೈಯಲ್ಲಿ ಇಂಡಿಯೊ ಬಿಡಿಸುವ ಸಾಧನವಿಲ್ಲ, ಕಪ್ಪು ಚೌಕ ಉಳಿಯುತ್ತದೆ.

ಇಲ್ಲಿಯೇ ಕೋಡೆಕ್ ಪ್ಯಾಕಿನ ಸಲಹೆ ಬರುವುದು. ಅದು ಪೂರ್ತಿ ಸುಳ್ಳಲ್ಲ. ಹಿಂದೆ ಎಷ್ಟೋ ಕಡೆ ಅದರಿಂದ ಕೆಲಸ ನಡೆದಿದೆ. ಆದರೂ ಶಾಲೆಯ ಕಂಪ್ಯೂಟರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಇಂಥ ಪ್ಯಾಕ್‌ಗಳು ಹತ್ತಾರು ಡಿಕೋಡರ್‌ಗಳನ್ನು ಒಟ್ಟಿಗೆ ತಂದು ಇಡೀ ವಿಂಡೋಸ್‌ಗೆ ಅನ್ವಯಿಸುವಂತೆ ನೋಂದಾಯಿಸಿಬಿಡುತ್ತವೆ; ಒಂದು ಸಿಡಿ ಓಡಿ, ನಿನ್ನೆಯವರೆಗೆ ಸರಿಯಾಗಿದ್ದ ಇನ್ನೊಂದು ಪ್ಲೇಯರ್ ತಕರಾರು ತೆಗೆಯುವುದುಂಟು. 32 ಬಿಟ್‌ನ ಹಳೆಯ ಪ್ರೋಗ್ರಾಮಿಗೆ 32 ಬಿಟ್‌ನ ಡಿಕೋಡರೇ ಬೇಕೆಂಬುದನ್ನು ಅರಿಯದೆ 64 ಬಿಟ್‌ನದನ್ನು ಹಾಕಿ, ಏನೂ ಬದಲಾಗಲಿಲ್ಲವೆಂದು ಇನ್ನೊಂದು ಪ್ಯಾಕ್ ಹಾಕುವವರೂ ಇದ್ದಾರೆ. ಭದ್ರತೆಯ ಕಾರಣಕ್ಕೆ ತಯಾರಕರೇ ಬಾಗಿಲು ಮುಚ್ಚಿದ ಡಿಕೋಡರನ್ನು, ಮಕ್ಕಳು ಅಂತರ್ಜಾಲಕ್ಕೂ ಬಳಸುವ ಯಂತ್ರದಲ್ಲಿ ತೆರೆದಿಡುವುದಂತೂ ಸರಿಯಲ್ಲ.

ಅದರ ಬದಲು ಎರಡು ದಾರಿಗಳಿವೆ. ತರಗತಿಯಲ್ಲಿ ವಿಡಿಯೊ ತೋರಿಸುವುದಷ್ಟೇ ಉದ್ದೇಶವಾದರೆ ಆ ಎವಿಐ ಫೈಲ್‌ಗಳನ್ನು ಇಂದಿನ ಎಂಪಿ4 ರೂಪಕ್ಕೆ ಪರಿವರ್ತಿಸಿಬಿಡಿ. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲೋ ವಿಎಲ್‌ಸಿಯ ಮೀಡಿಯಾ ಮೆನುವಿನಲ್ಲಿರುವ ಪರಿವರ್ತನೆಯ ಆಯ್ಕೆಯಲ್ಲೋ ಇದು ಆಗುತ್ತದೆ. ಚಿತ್ರದ ಅಳತೆಯನ್ನು ಮೂಲದಲ್ಲಿದ್ದಂತೆಯೇ ಬಿಡಿ. ಆ ಕಾಲದ ವಿಡಿಯೊಗಳು ಬಹುಮಟ್ಟಿಗೆ 320 ಗುಣಿಸು 240 ಚುಕ್ಕಿಗಳಷ್ಟೇ ಇದ್ದು, ಸೆಕೆಂಡಿಗೆ 15 ಚಿತ್ರಗಳಷ್ಟೇ ಓಡುತ್ತಿದ್ದವು. ಒಂದರಷ್ಟು ವೇಗದ ಸಿಡಿ ಡ್ರೈವ್ ಸೆಕೆಂಡಿಗೆ ಸುಮಾರು 150 ಕಿಲೋಬೈಟ್, ಅದರ ಇಮ್ಮಡಿ ವೇಗದ್ದು 300 ಕಿಲೋಬೈಟ್ ಮಾತ್ರ ಓದಬಲ್ಲದಾಗಿದ್ದರಿಂದ ತಯಾರಕರು ಅಷ್ಟಕ್ಕೆ ಒಗ್ಗಿಸಿಕೊಂಡಿದ್ದರು. ಅದನ್ನು ದೊಡ್ಡ ಅಳತೆಗೆ ಹಿಗ್ಗಿಸಿ ಉಳಿಸಿದರೆ ಫೈಲ್ ದೊಡ್ಡದಾಗುತ್ತದೆಯೇ ಹೊರತು ಎಲೆಯ ನರ ಒಂದೂ ಹೆಚ್ಚಾಗಿ ಕಾಣುವುದಿಲ್ಲ. ಪ್ರೊಜೆಕ್ಟರಿನಲ್ಲಿ ತೋರಿಸುವಾಗ ಎಡಬಲದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ. ಪರದೆ ತುಂಬಬೇಕೆಂದು ಅಗಲಕ್ಕೆ ಎಳೆದರೆ ಜೀವಕೋಶಗಳೆಲ್ಲ ಮೊಟ್ಟೆಯ ಆಕಾರಕ್ಕೆ ತಿರುಗುತ್ತವೆ.

ಮೆನು, ಪ್ರಶ್ನಾವಳಿ, ವಿಡಿಯೊ ನಡುವೆ ನಿಂತು ಕೇಳುವ ಪ್ರಶ್ನೆಗಳು ಇವೆಲ್ಲ ಬೇಕಾದರೆ ಎರಡನೆಯ ದಾರಿ ಹಿಡಿಯಬೇಕು. ಇಡೀ ಸಿಡಿಯನ್ನು ಫೋಲ್ಡರ್‌ಗಳ ರಚನೆ ಕೆಡದಂತೆ ಹಾರ್ಡ್ ಡಿಸ್ಕಿಗೆ ನಕಲಿಸಿ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನದಿಂದ ಇಂಡಿಯೊ ಎವಿಐಗಳನ್ನು ಸಿನೆಪ್ಯಾಕ್ ಎವಿಐಗಳಾಗಿ ಪರಿವರ್ತಿಸಿ, ಧ್ವನಿಯನ್ನು ಸಾದಾ ಪಿಸಿಎಂ ಆಗಿಟ್ಟು, ಅದೇ ಹೆಸರಿನಲ್ಲಿ ಅದೇ ಜಾಗದಲ್ಲಿ ಇಡಿ. ಮೆನು ಪ್ರೋಗ್ರಾಮಿಗೆ ಫೈಲಿನ ಹೆಸರು ಮಾತ್ರ ಗೊತ್ತು. ಒಳಗಿನ ಕೋಡೆಕ್ ಯಾವುದೆಂದು ಅದು ವಿಚಾರಿಸುವುದಿಲ್ಲ, ಬಿಡಿಸುವ ಕೆಲಸವನ್ನು ವಿಂಡೋಸ್‌ಗೆ ಒಪ್ಪಿಸುತ್ತದೆ. ಸಿನೆಪ್ಯಾಕ್ ಇಂಡಿಯೊದಷ್ಟೇ ಹಳೆಯದಾದರೂ ಅದರ 32 ಬಿಟ್ ಡಿಕೋಡರ್ ವಿಂಡೋಸ್‌ನೊಳಗೆ ಉಳಿದುಕೊಂಡು ಬಂದಿದೆ. ಎಫ್‌ಎಫ್‌ಎಂಪೆಗ್ ಸಿನೆಪ್ಯಾಕ್ ತಯಾರಿಸುವುದು ಬಹಳ ನಿಧಾನ. ಒಂದು ತುಣುಕನ್ನು ಮೊದಲು ಮಾಡಿ ನೋಡಿ, ಸರಿಬಂದರೆ ಉಳಿದವನ್ನು ಸಂಜೆ ಹಚ್ಚಿಟ್ಟು ಹೋಗಿ. ಈ ಉಪಾಯವನ್ನು ನಾನು ಮೆಚ್ಚುವುದೇಕೆಂದರೆ ಇದರಲ್ಲಿ ಕಂಪ್ಯೂಟರಿನ ವ್ಯವಸ್ಥೆಯನ್ನು ಏನೂ ಮುಟ್ಟುವುದಿಲ್ಲ, ಬದಲಾಗುವುದು ಸಿಡಿಯ ಪ್ರತಿ ಮಾತ್ರ. ಕೆಲವು ಪ್ರೋಗ್ರಾಂಗಳು ತಮ್ಮ ಸಿಡಿ ಡ್ರೈವಿನಲ್ಲಿದೆಯೇ ಎಂದು ಸಿಡಿಯ ಹೆಸರು ನೋಡಿ ಖಾತ್ರಿ ಮಾಡಿಕೊಳ್ಳುತ್ತವೆ. ಅಂಥಲ್ಲಿ ಬದಲಿಸಿದ ಫೋಲ್ಡರಿನಿಂದ ಅದೇ ಹೆಸರಿನ ಹೊಸ ಐಎಸ್‌ಒ ತಯಾರಿಸಿ ತೆರೆದಿಟ್ಟುಕೊಂಡರೆ ಸಾಕು.

ಭೂಗೋಳದ ಸಿಡಿಗೆ ಬರುತ್ತೇನೆ. ಬಟನ್ ಒತ್ತಿದರೂ ಏನೂ ಆಗದಿರುವುದಕ್ಕೆ ನನ್ನ ಮೊದಲ ಅನುಮಾನ ಕೋಡೆಕ್ ಮೇಲಲ್ಲ, ದಾರಿಯ ಮೇಲೆ. ಸಿಡಿ ತಯಾರಾದ ಕಾಲದಲ್ಲಿ ಶಾಲೆಯ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಸಿ ಎಂದೂ ಸಿಡಿ ಡ್ರೈವ್ ಡಿ ಎಂದೂ ಇರುವುದು ಸಾಮಾನ್ಯವಾಗಿತ್ತು, ಕೆಲವು ತಯಾರಕರು ವಿಡಿಯೊದ ದಾರಿಯನ್ನು ಡಿ ಡ್ರೈವ್ ಎಂದೇ ಬರೆದಿಟ್ಟುಬಿಟ್ಟರು. ಈಗ ಹಾರ್ಡ್ ಡಿಸ್ಕಿನ ಎರಡನೆಯ ಭಾಗಕ್ಕೆ ಡಿ ಎಂಬ ಹೆಸರು ಹೋಗಿ ನಿಮ್ಮ ಯುಎಸ್‌ಬಿ ಡ್ರೈವ್ ಇ ಅಥವಾ ಎಫ್ ಆಗಿರುತ್ತದೆ. ಸಿಡಿಯನ್ನು ಅನುಸ್ಥಾಪಿಸಿದ ಫೋಲ್ಡರಿನಲ್ಲಿ ಐಎನ್‌ಐ ಎಂಬ ಕೊನೆಯುಳ್ಳ ಫೈಲ್ ಇದ್ದರೆ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ವಿಡಿಯೊ ಅಥವಾ ಪಾತ್ ಎಂಬ ಪದದ ಮುಂದೆ ಡಿ ಅಕ್ಷರ, ವಿವರಣಚಿಹ್ನೆ, ಓರೆಗೆರೆ ಇರುವ ಸಾಲು ಕಂಡರೆ ಆ ಒಂದಕ್ಷರವನ್ನು ಈಗಿನ ಡ್ರೈವಿನ ಅಕ್ಷರಕ್ಕೆ ಬದಲಿಸಿ ಉಳಿಸಿ. ಅಂಥ ಫೈಲ್ ಇಲ್ಲದಿದ್ದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಸಿಡಿ ಡ್ರೈವಿಗೆ ಡಿ ಅಕ್ಷರವನ್ನು ಕೊಡಬಹುದು. ಆದರೆ ಹಾರ್ಡ್ ಡಿಸ್ಕಿನ ಡಿ ಭಾಗದಲ್ಲಿ ಬೇರೆ ತಂತ್ರಾಂಶಗಳು ಇದ್ದರೆ ಅದರ ಅಕ್ಷರ ಕದಲಿಸಲು ಹೋಗಬೇಡಿ.

ದಾರಿ ಸರಿಯಿದ್ದೂ ಬಟನ್ ಮಾತಾಡದಿದ್ದರೆ ಆ ವಿಡಿಯೊಗಳು ಎಂಒವಿ ಆಗಿವೆಯೇ ನೋಡಿ. ಆಗಿದ್ದರೆ ಪ್ರೋಗ್ರಾಂ ಆ್ಯಪಲ್‌ನ ಕ್ವಿಕ್‌ಟೈಮ್ ಅನ್ನು ಹುಡುಕುತ್ತಿದೆ. ಸಿಡಿಯೊಳಗೇ ಕ್ವಿಕ್‌ಟೈಮ್ ಹೆಸರಿನ ಫೋಲ್ಡರ್ ಇದ್ದು ಅದರಲ್ಲಿ ಅನುಸ್ಥಾಪನೆಯ ಫೈಲೂ ಇರುತ್ತದೆ, ಒತ್ತಬೇಕೆನ್ನಿಸುತ್ತದೆ. ಒತ್ತಬೇಡಿ. ವಿಂಡೋಸ್‌ಗಾಗಿ ಕ್ವಿಕ್‌ಟೈಮ್ ಬೆಂಬಲವನ್ನು ಆ್ಯಪಲ್ 2016ರಲ್ಲಿ ನಿಲ್ಲಿಸಿತು. ಸರಿಪಡಿಸದೇ ಉಳಿದ ಭದ್ರತಾ ಲೋಪಗಳ ಕಾರಣ ಅದನ್ನು ಕಂಪ್ಯೂಟರಿನಿಂದ ತೆಗೆದುಹಾಕುವಂತೆ ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆಯೇ ಅದೇ ವರ್ಷ ಸೂಚಿಸಿತ್ತು. ಎಂಒವಿ ಫೈಲ್‌ಗಳನ್ನು ವಿಎಲ್‌ಸಿಯಲ್ಲಿ ನೋಡಿ, ಬೇಕಾದರೆ ಎಂಪಿ4 ಮಾಡಿಕೊಳ್ಳಿ. ಮೆನುವೂ ಬೇಕೆಂದರೆ ಮುಂದೆ ಹೇಳುವ ವರ್ಚುವಲ್ ಯಂತ್ರದೊಳಗೆ ಮಾತ್ರ ಹಳೆಯ ಕ್ವಿಕ್‌ಟೈಮ್ ಹಾಕಿ.

ಸಿಡಿಯ ಮೆನು ಬ್ರೌಸರ್ ಪುಟವಾಗಿ ತೆರೆಯುತ್ತಿದ್ದರೆ ಕಾರಣ ಮತ್ತೂ ಬೇರೆ. ಅಂಥ ಪುಟಗಳಲ್ಲಿ ವಿಡಿಯೊವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆಂದೇ ಮಾಡಿದ ಆ್ಯಕ್ಟಿವ್‌ಎಕ್ಸ್ ಅಥವಾ ಫ್ಲ್ಯಾಶ್ ಮೂಲಕ ತೋರಿಸುತ್ತಿದ್ದರು. ಫ್ಲ್ಯಾಶ್ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿಯಿತು, 2021ರ ಜನವರಿ 12ರಿಂದ ಅಡೋಬಿ ಅದು ಓಡದಂತೆಯೇ ತಡೆಹಾಕಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತವಾಯಿತು. ಫ್ಲ್ಯಾಶ್ ಪಾಠ ಇಎಕ್ಸ್‌ಇ ರೂಪದಲ್ಲಿದ್ದರೆ ಪ್ಲೇಯರ್ ಅದರೊಳಗೇ ಅಡಕವಾಗಿರುವುದರಿಂದ ಇಂದಿಗೂ ಬಹುಮಟ್ಟಿಗೆ ಓಡುತ್ತದೆ. ಬರೀ ಎಸ್‌ಡಬ್ಲ್ಯೂಎಫ್ ಫೈಲ್ ಆಗಿದ್ದರೆ ರಫಲ್ ಎಂಬ ಉಚಿತ ಎಮ್ಯುಲೇಟರಿನಲ್ಲಿ ಪ್ರಯತ್ನಿಸಿ. ಇನ್ನು, ಮೆನುವಿನ ಕನ್ನಡ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಂಡು ಯಾವ ಬಟನ್ ಏನೆಂದೇ ತಿಳಿಯದಿದ್ದರೆ ಅದಕ್ಕೂ ವಿಡಿಯೊಗೂ ಸಂಬಂಧವಿಲ್ಲ. ಯುನಿಕೋಡ್‌ಗೆ ಮುಂಚಿನ ಕನ್ನಡ ಫಾಂಟ್ ಕಂಪ್ಯೂಟರಿನಲ್ಲಿಲ್ಲ ಎಂದಷ್ಟೇ ಅರ್ಥ. ಸಿಡಿಯಲ್ಲೇ ಆ ಫಾಂಟ್ ಫೈಲ್ ಇದ್ದರೆ ರೈಟ್ ಕ್ಲಿಕ್ ಮಾಡಿ ಅನುಸ್ಥಾಪಿಸಿ.

ಮಾನವ ದೇಹದ ಸಿಡಿ ತಡೆತಡೆದು ಓಡುವುದಕ್ಕೆ ಒಂದು ಸರಳ ಪರೀಕ್ಷೆ ಇದೆ. ವಿಡಿಯೊ ಫೈಲನ್ನು ಹಾರ್ಡ್ ಡಿಸ್ಕಿಗೆ ನಕಲಿಸಿ. ನಕಲು ಪ್ರತಿ ಬಾರಿಯೂ ಒಂದೇ ಫೈಲಿನಲ್ಲಿ, ಒಂದೇ ಹಂತದಲ್ಲಿ ನಿಂತರೆ ದೋಷ ಸಿಡಿಯ ಮೈಮೇಲಿದೆ. ನಕಲು ಸರಾಗವಾಗಿ ಆಗಿ, ಹಾರ್ಡ್ ಡಿಸ್ಕಿನಿಂದ ವಿಡಿಯೊ ಚೆನ್ನಾಗಿ ಓಡಿ, ಸಿಡಿಯಿಂದ ಮಾತ್ರ ತಡೆದರೆ ದೋಷ ಡ್ರೈವಿನದು. ಹಾರ್ಡ್ ಡಿಸ್ಕಿನಿಂದಲೂ ತಡೆದರೆ ಸಿಡಿ, ಡ್ರೈವ್ ಎರಡೂ ನಿರಪರಾಧಿಗಳು, ಪ್ರೋಗ್ರಾಮಿನ ಕಡೆ ನೋಡಬೇಕು.

ಡ್ರೈವಿನ ವಿಷಯದಲ್ಲಿ, ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ತೆಳು ಡ್ರೈವ್‌ಗಳಿಗೆ ಕಂಪ್ಯೂಟರಿನ ಮುಂಭಾಗದ ಕಿಂಡಿಯೋ ಹಬ್ಬೋ ಕೊಡುವ ವಿದ್ಯುತ್ ಸಾಲದೆ ಹೋಗುವುದುಂಟು. ಹಿಂಭಾಗದ ಕಿಂಡಿಗೆ ನೇರವಾಗಿ ಜೋಡಿಸಿ ನೋಡಿ. ಶಾಲೆಯ ಸಿಡಿಗಳಲ್ಲಿ ಮಾತ್ರ ಕಾಣುವ ಇನ್ನೊಂದು ಕಾರಣವಿದೆ: ಗ್ರಂಥಾಲಯದ ಸಂಖ್ಯೆ ಬರೆದ ಚೀಟಿಯನ್ನು ಸಿಡಿಯ ಒಂದು ಬದಿಗೆ ಅಂಟಿಸಿರುತ್ತಾರೆ. ಸಿಡಿ ವೇಗವಾಗಿ ತಿರುಗುವಾಗ ಆ ಚೀಟಿಯ ಭಾರಕ್ಕೆ ಅದರ ಸಮತೋಲ ತಪ್ಪಿ ನಡುಗುತ್ತದೆ, ಡ್ರೈವ್ ಗುಂಯ್ ಎಂದು ಸದ್ದು ಮಾಡುತ್ತ ಓದಲು ಒದ್ದಾಡುತ್ತದೆ. ಹಾಗೆಂದು ಚೀಟಿಯನ್ನು ಕಿತ್ತು ತೆಗೆಯಬೇಡಿ. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಮಿನುಗುವ ತಳಭಾಗದಲ್ಲಲ್ಲ. ಹೆಸರು ಮುದ್ರಿಸಿದ ಮೇಲ್ಭಾಗದ ಅಡಿಯಲ್ಲೇ, ತೆಳುವಾದ ಅರಗಿನ ಲೇಪದ ಕೆಳಗಿದೆ. ಚೀಟಿಯ ಜೊತೆ ಆ ಪದರವೂ ಎದ್ದುಬಂದರೆ ಯಾವ ತಂತ್ರಾಂಶವೂ ಅದನ್ನು ಮರಳಿಸದು. ಡ್ರೈವಿನ ವೇಗವನ್ನು ಇಮ್ಗ್‌ಬರ್ನ್‌ನಲ್ಲಿ ಕನಿಷ್ಠಕ್ಕೆ ಇಳಿಸಿ ಒಮ್ಮೆ ಪ್ರತಿ ಮಾಡಿಕೊಳ್ಳಿ, ಆಮೇಲೆ ಸಿಡಿಯನ್ನು ಬೀರುವಿನಲ್ಲೇ ಬಿಡಿ.

ಸಿಡಿಯ ಮೈಯನ್ನು ಪರೀಕ್ಷಿಸಲು ಅದನ್ನು ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು ಕಂಡರೆ ಅಲ್ಲಿ ಪ್ರತಿಫಲನದ ಪದರ ಹೋಗಿದೆ, ಆ ಭಾಗದ ಆಸೆ ಬಿಡಬೇಕು. ತಳಭಾಗದ ಗೀರುಗಳು ಅಷ್ಟು ಭಯಂಕರವಲ್ಲ, ಅಲ್ಲಿ 1.2 ಮಿಲಿಮೀಟರ್ ದಪ್ಪದ ಪಾರದರ್ಶಕ ಪಾಲಿಕಾರ್ಬೊನೇಟ್ ಇದೆ, ಸಿಡಿಯ ದೋಷ ತಿದ್ದುವ ವ್ಯವಸ್ಥೆ ಸಣ್ಣ ಗೀರುಗಳನ್ನು ತಾನೇ ನಿಭಾಯಿಸುತ್ತದೆ. ಕೇಂದ್ರದಿಂದ ಅಂಚಿನ ಕಡೆಗೆ ಎಳೆದಿರುವ ಗೀರಿಗಿಂತ ಸಿಡಿಯ ಸುತ್ತಳತೆಯ ಗುಂಟ ಹೋದ ಗೀರು ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಅದು ಒಂದೇ ಕಡೆಯ ಮಾಹಿತಿಯನ್ನು ಸಾಲಾಗಿ ಮರೆಮಾಡುತ್ತದೆ. ಒರೆಸುವಾಗಲೂ ಇದೇ ಕಾರಣಕ್ಕೆ ಸುತ್ತಲೂ ಉಜ್ಜದೆ, ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಹೊರಕ್ಕೆ ನೇರವಾಗಿ ಒರೆಸಬೇಕು. ನಿಮ್ಮ ಕಡೆಯ ಮಳೆಗಾಲದಲ್ಲಿ ಬೀರುವಿನೊಳಗೂ ಬೂಷ್ಟು ಹಿಡಿಯುತ್ತದೆ; ಅದು ಮೇಲ್ಮೈಯಲ್ಲಷ್ಟೇ ಇದ್ದರೆ ಸ್ವಲ್ಪ ಸಾಬೂನು ಬೆರೆಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಟೂತ್‌ಪೇಸ್ಟ್ ಉಜ್ಜುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಅದು ಪಾಲಿಕಾರ್ಬೊನೇಟನ್ನು ಸವೆಸಿ ಗೀರನ್ನು ಮಾಸಲು ಮಾಡುತ್ತದೆ, ಆದ್ದರಿಂದ ಕೆಲವೊಮ್ಮೆ ಫಲ ಕೊಡುವುದು ನಿಜ. ಬೇರೆ ಎರಡು ಡ್ರೈವ್‌ಗಳಲ್ಲಿ ಓದಿಸಿ ನೋಡದೆ ಅದಕ್ಕೆ ಕೈಹಾಕಬಾರದು. ಒಂದು ಡ್ರೈವ್ ತಿರಸ್ಕರಿಸಿದ ಸಿಡಿಯನ್ನು ಇನ್ನೊಂದು ತಕರಾರಿಲ್ಲದೆ ಓದುವುದು ದಿನನಿತ್ಯ ಕಾಣುವ ಸಂಗತಿ.

ಮಾನವ ದೇಹದ ಆ ಸಿಡಿ ವಿಡಿಯೊ ಸಿಡಿಯೇ (ವಿಸಿಡಿ) ಆಗಿರಲೂಬಹುದು. ಮನೆಗಳಲ್ಲಿ ಟಿವಿಗೆ ಜೋಡಿಸುವ ವಿಸಿಡಿ ಪ್ಲೇಯರ್‌ಗಳು ತುಂಬಿದ್ದ ಕಾಲದಲ್ಲಿ ಪಾಠಗಳನ್ನೂ ಆ ರೂಪದಲ್ಲಿ ಹೊರತಂದವರಿದ್ದರು. ಎಂಪಿಇಜಿಎವಿ ಎಂಬ ಫೋಲ್ಡರ್, ಅದರೊಳಗೆ ಡಿಎಟಿ ಎಂಬ ಕೊನೆಯ ದೊಡ್ಡ ಫೈಲ್‌ಗಳು ಇದ್ದರೆ ಅದು ಖಚಿತ. ನಮ್ಮಲ್ಲಿ ಚಲಾವಣೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಅದು 352 ಗುಣಿಸು 288 ಚುಕ್ಕಿಗಳ, ಸೆಕೆಂಡಿಗೆ 25 ಚಿತ್ರಗಳ ಎಂಪೆಗ್-1 ವಿಡಿಯೊ. ಸಾಮಾನ್ಯ ದತ್ತಾಂಶದ ಸಿಡಿಯಲ್ಲಿ 2352 ಬೈಟ್‌ಗಳ ಪ್ರತಿ ಸೆಕ್ಟರಿನಲ್ಲಿ 2048 ಬೈಟ್ ಮಾಹಿತಿಗೆ, ಉಳಿದದ್ದರಲ್ಲಿ ಹೆಚ್ಚಿನ ಪಾಲು ದೋಷ ತಿದ್ದುಪಡಿಗೆ ಮೀಸಲು. ವಿಸಿಡಿಯಲ್ಲಿ ಆ ಹೆಚ್ಚುವರಿ ತಿದ್ದುಪಡಿಯನ್ನು ಬಿಟ್ಟುಕೊಟ್ಟು 2324 ಬೈಟ್‌ಗಳನ್ನು ಮಾಹಿತಿಗೇ ಬಳಸಿದ್ದಾರೆ. ಅದಕ್ಕೇ ವಿಸಿಡಿಯಲ್ಲಿ ಗೀರು ಬಂದ ಕಡೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಆದರೂ ಪ್ಲೇಯರ್ ಮುಂದಕ್ಕೆ ಓಡುತ್ತದೆ. ಅದೇ ಫೈಲನ್ನು ವಿಂಡೋಸ್‌ನಲ್ಲಿ ನಕಲಿಸಲು ಹೋದರೆ ನಡುವೆ ದೋಷ ತೋರಿಸಿ ಕೈಬಿಡುತ್ತದೆ. ಇಂಥ ಸಿಡಿಗೆ ಎಕ್ಸ್‌ಪ್ಲೋರರ್‌ನ ನಕಲು ಬೇಡ. ವಿಎಲ್‌ಸಿಯ ಓಪನ್ ಡಿಸ್ಕ್ ಆಯ್ಕೆಯಲ್ಲಿ ವಿಸಿಡಿ ಎಂದು ಆರಿಸಿ ನೋಡಿ, ಪ್ರತಿಗೆ ಬಿನ್ ಮತ್ತು ಕ್ಯೂ ಮಾಡಿಕೊಳ್ಳಿ. ಡಿಎಟಿ ಫೈಲ್ ನಕಲಾಗಿ ಬಂದಿದ್ದರೆ ಅದರ ಕೊನೆಯನ್ನು ಎಂಪಿಜಿ ಎಂದು ಬದಲಿಸಿದರೇ ಅನೇಕ ಪ್ಲೇಯರ್‌ಗಳು ಒಪ್ಪಿಕೊಳ್ಳುತ್ತವೆ.

ಕೊನೆಯ ಖಗೋಳದ ಸಿಡಿಯ ಕತೆ ಸ್ಪಷ್ಟವಾಗಿದೆ. ಅದು ವಿಂಡೋಸ್ 3.1 ಅಥವಾ 95ರ ಕಾಲದ 16 ಬಿಟ್ ಪ್ರೋಗ್ರಾಂ ಇರಬೇಕು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದೇ ಇಲ್ಲ, ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಪ್ರಾಪರ್ಟೀಸ್‌ನ ಹೊಂದಾಣಿಕೆ ಪುಟದಲ್ಲಿ ಎಷ್ಟು ಗುರುತು ಹಾಕಿದರೂ ಈ ಗೋಡೆ ದಾಟಲಾಗದು. ಆ ಪುಟದ 256 ಬಣ್ಣ, 640 ಗುಣಿಸು 480 ಎಂಬ ಆಯ್ಕೆಗಳು 32 ಬಿಟ್ ಪ್ರೋಗ್ರಾಂ ಬಣ್ಣಗೆಟ್ಟು ಕಂಡಾಗ ಉಪಯೋಗಕ್ಕೆ ಬರುವಂಥವು. ಆದರೂ ಒಂದು ಸಂಗತಿ ನೋಡಿಬಿಡಿ. ಅನೇಕ ಸಿಡಿಗಳಲ್ಲಿ ಸೆಟಪ್ ಮಾತ್ರ 16 ಬಿಟ್‌ನದಾಗಿದ್ದು ಒಳಗಿನ ಮುಖ್ಯ ಪ್ರೋಗ್ರಾಂ 32 ಬಿಟ್‌ನದೇ ಆಗಿರುತ್ತದೆ. ಸೆಟಪ್ ಬಿಟ್ಟು ಸಿಡಿಯಲ್ಲಿರುವ ಬೇರೆ ಇಎಕ್ಸ್‌ಇ ಫೈಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಪಾಠ ನೇರವಾಗಿ ಶುರುವಾಗಿಬಿಡಬಹುದು.

ಆಗದಿದ್ದರೆ ಉಳಿದಿರುವುದು ವರ್ಚುವಲ್ ಯಂತ್ರ, ಅಂದರೆ ಕಂಪ್ಯೂಟರಿನೊಳಗೇ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್. ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದೊಳಗೆ ಹಳೆಯ ವಿಂಡೋಸ್ ಎಕ್ಸ್‌ಪಿ ಹಾಕಿ, ಸಿಡಿಯ ಐಎಸ್‌ಒ ಫೈಲನ್ನು ಅದರ ಸಿಡಿ ಡ್ರೈವಿಗೆ ಜೋಡಿಸಿದರೆ ಆ ಸಿಡಿಗೆ ತನ್ನ ಕಾಲದ ಕಂಪ್ಯೂಟರೇ ಸಿಕ್ಕಂತಾಗುತ್ತದೆ. 16 ಬಿಟ್ ಪ್ರೋಗ್ರಾಂ, ಇಂಡಿಯೊ, ಕ್ವಿಕ್‌ಟೈಮ್ ಎಲ್ಲವೂ ಅಲ್ಲಿ ನೆಮ್ಮದಿಯಾಗಿರುತ್ತವೆ. 512 ಮೆಗಾಬೈಟ್ ಮೆಮೊರಿ ಕೊಟ್ಟರೆ ಸಾಕು. ಎಕ್ಸ್‌ಪಿಗೆ ಕ್ರಮಬದ್ಧ ಪರವಾನಗಿ ಬೇಕು. ಅದರ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿರುವುದರಿಂದ ವರ್ಚುವಲ್ ಯಂತ್ರದ ನೆಟ್‌ವರ್ಕ್ ಸಂಪರ್ಕವನ್ನು ಕಡ್ಡಾಯವಾಗಿ ಸ್ಥಗಿತಗೊಳಿಸಿಡಿ. ವರ್ಚುವಲ್‌ಬಾಕ್ಸ್ ಬಿನ್ ಮತ್ತು ಕ್ಯೂ ಫೈಲ್‌ಗಳನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ, ಅಂಥ ಸಿಡಿಗೆ ನಿಮ್ಮ ಯುಎಸ್‌ಬಿ ಡ್ರೈವನ್ನೇ ಅದಕ್ಕೆ ಜೋಡಿಸಬೇಕು. ಶಾಲೆಯ ಮೂಲೆಯಲ್ಲಿ ಇನ್ನೂ ಚಾಲೂ ಆಗುವ ಎಕ್ಸ್‌ಪಿ ಕಂಪ್ಯೂಟರ್ ಇದ್ದರಂತೂ ವರ್ಚುವಲ್ ಯಂತ್ರದ ಗೋಜೇ ಬೇಡ. ನೆಟ್‌ವರ್ಕ್ ತಂತಿ ಕಿತ್ತು ಅದನ್ನೇ ಈ ಸಿಡಿಗಳಿಗೆ ಮೀಸಲಿಡಿ, ಗುಜರಿಗೆ ಕೊಡಬೇಡಿ. ಉಬುಂಟು ಇರುವ ಕಂಪ್ಯೂಟರಿನಲ್ಲಿಯೂ, ವಿಂಡೋಸ್ ಪ್ರೋಗ್ರಾಂಗಳನ್ನು ಅಲ್ಲಿ ಓಡಿಸುವ ವೈನ್ ಎಂಬ ತಂತ್ರಾಂಶದ ಮೂಲಕ ಕೆಲವು ಹಳೆಯ ಪ್ರೋಗ್ರಾಂಗಳು ಓಡುತ್ತವೆ, ಆದರೆ ವಿಡಿಯೊ ವಿಷಯದಲ್ಲಿ ಅದನ್ನು ನಂಬಿ ಪಾಠ ಯೋಜಿಸಬೇಡಿ.

ನಿಮ್ಮ ಬೀರುವಿನ ಎಲ್ಲ ಸಿಡಿಗಳಿಗೂ ಈ ಶ್ರಮ ಬೇಕಿಲ್ಲ. ವಿಡಿಯೊ ಮಾತ್ರ ಉಪಯುಕ್ತವಾದವನ್ನು ಎಂಪಿ4 ಮಾಡಿ ಮುಗಿಸಿ. ಪ್ರಶ್ನೋತ್ತರ, ಪ್ರಯೋಗಗಳಿಂದ ನಿಜಕ್ಕೂ ಮಕ್ಕಳಿಗೆ ಲಾಭವಿರುವ ಕೆಲವೇ ಸಿಡಿಗಳಿಗೆ ವರ್ಚುವಲ್ ಯಂತ್ರದ ಖರ್ಚು ಸಾರ್ಥಕ. ಇಷ್ಟೆಲ್ಲ ನೋಡಿದ ಮೇಲೂ ಯಾವುದಾದರೂ ಸಿಡಿ ಹಠ ಹಿಡಿದರೆ ಮತ್ತೆ ಬರೆಯಿರಿ. ಬರೆಯುವಾಗ ವಿಎಲ್‌ಸಿಯ ಕೋಡೆಕ್ ಪುಟದ ಆ ಸಾಲು, ವಿಡಿಯೊ ಫೈಲ್ ಇರುವ ಫೋಲ್ಡರಿನ ಹೆಸರು, ಪರದೆಯಲ್ಲಿ ಬಂದ ದೋಷ ಸಂದೇಶದ ಪೂರ್ಣ ಪಾಠ ಇವಿಷ್ಟನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ ಕಳಿಸಿ.